ಕೈ ಇರಬೇಕಾದಲ್ಲಿ ದೀಪ

ಹತ್ತಿ ಆರುವ ದೀಪವೆಂದರೆ ಕೆಟ್ಟ ದೀಪ ಎಂದು ಮಧುಸೂದನ ನಂಬಿದ್ದ. ನಂಬಲು ಕಾರಣವೂ ಇತ್ತು. ಬಳ್ಳಾರಿಯಲ್ಲಿ ಅವನು ಬಾಡಿಗೆಗಿದ್ದ ಕೋಣೆಯ ಬಲ್ಬು, ಊಟ ಮಾಡುತ್ತಿದ್ದ ಖಾನಾವಳಿಯ ಟ್ಯೂಬ್‌ಲೈಟು, ದಿನಗೂಲಿ ಗುಮಾಸ್ತನಾಗಿ ಸೇರಿದ್ದ ದನದ ದವಾಖಾನೆಯ ಪಡಸಾಲೆಯ ದೀಪ, ಎಲ್ಲವೂ ಹೋಗಿ ಬಂದು ಮಾಡುತ್ತಿದ್ದವು. ಎಲ್ಲವನ್ನೂ ಅವನು ಸಿಗರೇಟು ಪ್ಯಾಕಿನ ಬೆಳ್ಳಿಕಾಗದ ಮಡಚಿ ಹೋಲ್ಡರಿಗೆ ತುರುಕಿ ದಾರಿಗೆ ತಂದಿದ್ದ. ಬಿ.ಕಾಂ. ಎರಡನೇ ವರ್ಷದಲ್ಲಿ ಎರಡು ಸಲ ನಪಾಸಾದವನಿಗೆ ಕೈಯಲ್ಲಿ ಇಷ್ಟಾದರೂ ವಿದ್ಯೆ ಇದೆಯಲ್ಲ ಎಂಬ ಸಮಾಧಾನ.

ಹೀಗಾಗಿ 1977ರ ಒಂದು ಬೆಳಿಗ್ಗೆ ದವಾಖಾನೆಯ ಅಂಗಳದಲ್ಲಿ ನಿಲ್ಲಿಸಿದ್ದ ಹಳೆಯ ರಾಜದೂತ್ ಗಾಡಿಯ ಹಿಂದೆ ಒಂದು ಹಳದಿ ದೀಪ ಹತ್ತಿ ಆರಿ, ಹತ್ತಿ ಆರಿ ಮಾಡುವುದನ್ನು ಕಂಡಾಗ ಅವನಿಗೆ ಸುಮ್ಮನಿರಲಾಗಲಿಲ್ಲ. ಐದು ಪೈಸೆ ನಾಣ್ಯದಿಂದ ಸ್ಕ್ರೂ ತಿರುಗಿಸಿದ. ಬೆಳ್ಳಿಕಾಗದ ತುರುಕಿದ. ದೀಪ ಒಂದು ಕ್ಷಣ ನಿಚ್ಚಳವಾಗಿ ಉರಿಯಿತು. ಮಧುಸೂದನ ಎದ್ದು ನಿಂತು ಕೈ ಜಾಡಿಸಿಕೊಳ್ಳುವಷ್ಟರಲ್ಲಿ ಸೀಟಿನ ಕೆಳಗಿಂದ ತೆಳ್ಳಗೆ ಹೊಗೆ ಬಂತು. ಆಮೇಲೆ ಯಾವ ದೀಪವೂ ಇಲ್ಲ.

ಔಷಧಿ ಕೋಣೆಯಿಂದ ಗಾಡಿಯ ಯಜಮಾನರು ಹೊರಗೆ ಬಂದರು. ಕಾಂಪೌಂಡರ್ ಉಜ್ಜಿನಪ್ಪ. ಮಧುಸೂದನ ಕೆಲಸಕ್ಕೆ ಸೇರಿ ಒಂಬತ್ತು ದಿನವಾಗಿತ್ತು, ಅವರ ಬಾಯಿಂದ ಒಂಬತ್ತು ಮಾತೂ ಕೇಳಿರಲಿಲ್ಲ.

"ಏನ್ ಮಾಡಿದ್ರಿ ಆಚಾರ್ರೆ?"

"ಲೂಸ್ ಕಾಂಟ್ಯಾಕ್ಟ್ ಇತ್ರಿ. ಟೈಟ್ ಮಾಡ್ದೆ."

"ಅದು ಹೋಗಿ ಬರಬೇಕು. ಹೋಗಿ ಬರ್ಲಿ ಅಂತನ ಹಾಕ್ಸೀನಿ. ತಿರುಗೋದು ತೋರ್ಸಾಕ."

"ಅದಕ್ಯಾಕ್ರಿ ದೀಪ? ತಿರುಗೋದು ಎಲ್ಲಾರೂ ಕೈಯಾಗ ತೋರಸ್ತಾರಲ್ರಿ."

ಅಂಗಳದಲ್ಲಿ ಎಮ್ಮೆ ಹಿಡಿದು ನಿಂತಿದ್ದವರೂ ನೆಲ ನೋಡಿದರು. ಉಜ್ಜಿನಪ್ಪ ಮಾತ್ರ ಅವನ ಮುಖವನ್ನೇ ನೋಡಿ, ಮಳೆ ಬರುವುದಿಲ್ಲ ಎಂದು ಹೇಳುವ ಹಾಗೆ ಹೇಳಿದರು:

"ಕೈ ಏಳೂದಿಲ್ಲ."

ಬೈದಿದ್ದರೆ ಮಧುಸೂದನನಿಗೆ ಹಗುರವಾಗುತ್ತಿತ್ತು. ಬೈಯಲಿಲ್ಲ. ಮತ್ತೆ ಔಷಧಿ ಕೋಣೆಗೆ ಹೋದರು. ಉಳಿದದ್ದನ್ನೆಲ್ಲ ಅವನಿಗೆ ಹೇಳಿದವಳು ಕಸ ಗುಡಿಸುವ ಜಡೆಮ್ಮ. ಹೇಳುತ್ತ ಹೇಳುತ್ತ ಅವನು ಹರಿದು ಬಿಸಾಕಿದ್ದ ಬೆಳ್ಳಿಕಾಗದದ ಚೂರುಗಳನ್ನೂ ಸಗಣಿಯ ಜೊತೆಗೇ ಗುಡಿಸಿದಳು.

ಉಜ್ಜಿನಪ್ಪ ಕುರುಗೋಡಿನವರು. ಆಗ ನಲವತ್ತೆರಡು ವಯಸ್ಸು. ಹತ್ತೊಂಬತ್ತಕ್ಕೆ ದನದ ಕಾಲು ಹಿಡಿಯುವ ಆಳಾಗಿ ಬಂದವರು. ಅವರು ಮೈ ಸವರಿದರೆ ಎಂಥ ಹಾಯುವ ಎತ್ತೂ ಸುಮ್ಮನಾಗುತ್ತದೆಂದು ಆಗಿನ ಡಾಕ್ಟರು ನೋಡಿ, ಚುಚ್ಚುಮದ್ದಿನ ಕೆಲಸ ಕಲಿಸಿದರು. ಅಂದಿನಿಂದ ಇಪ್ಪತ್ತು ವರ್ಷ ಸೋಮವಾರ ಕುರುಗೋಡು, ಗುರುವಾರ ತೆಕ್ಕಲಕೋಟೆ ಹಾದು ಸಿರುಗುಪ್ಪ. ಮೊದಲು ಸೈಕಲ್ಲು, ಆಮೇಲೆ ಬಸ್ಸು, ಕೊನೆಗೆ ಈ ಸೆಕೆಂಡ್ ಹ್ಯಾಂಡ್ ರಾಜದೂತ್. ಹಿಂದೆ ಮರದ ಹೊಟ್ಟು ತುಂಬಿದ ದೊಡ್ಡ ಐಸ್ ಡಬ್ಬಿ, ಅದರಲ್ಲಿ ದನದ ಗಂಟಲು ಬಾಯುವ ಗಳಲೆ ರೋಗದ ಮದ್ದು. ಮನುಷ್ಯರ ಹೆಸರು ಅವರಿಗೆ ನೆನಪಿರುತ್ತಿರಲಿಲ್ಲ. "ಎಡಗೊಂಬು ಮುರದಿದ್ದ ಬಿಳಿ ಎತ್ತಿನ ಮನಿಯವ್ರಲ್ಲೇನು ನೀವು?" ಎಂದು ಮಾತಾಡಿಸುತ್ತಿದ್ದರು. ಜನರಿಗೆ ಅದೇ ಸಂತೋಷ.

ಎರಡು ವರ್ಷದ ಹಿಂದೆ ಹೆಂಡತಿ ಶಿವಬಸಮ್ಮನನ್ನು ಹಿಂದೆ ಕೂರಿಸಿಕೊಂಡು ಸಿರುಗುಪ್ಪಕ್ಕೆ ಹೊರಟಿದ್ದರು. ಆಕೆಯ ತಮ್ಮನ ಕೂಸಿಗೆ ಹೆಸರಿಡುವುದಿತ್ತು. ತೆಕ್ಕಲಕೋಟೆ ದಾಟಿ, ಬಲಕ್ಕೆ ಕಾಲುವೆ ದಾರಿಗೆ ತಿರುಗುವಾಗ ಹಿಂದಿನಿಂದ ಬಂದ ಭತ್ತದ ಲಾರಿ ಹೊಡೆಯಿತು. ಶಿವಬಸಮ್ಮ ಅಲ್ಲೇ ಹೋದಳು. ಉಜ್ಜಿನಪ್ಪನವರ ಬಲ ಭುಜದ ನರ ಹರಿಯಿತು. ಬೆರಳು ಆಡುತ್ತವೆ, ಗಾಡಿಯ ಹಿಡಿ ತಿರುಗಿಸಲು ಬರುತ್ತದೆ, ಸೂಜಿ ಹಿಡಿಯಲು ಬರುತ್ತದೆ. ಆದರೆ ತೋಳು ಎದೆಯ ಮಟ್ಟಕ್ಕಿಂತ ಮೇಲೇಳುವುದಿಲ್ಲ. ತೋಳಿನ ಹೊರಮೈಗೆ ಮುಟ್ಟಿದ್ದೂ ಗೊತ್ತಾಗುವುದಿಲ್ಲ.

"ಪಾಪ, ಅವ್ರು ಕೈ ತೋರ್ಸಿದ್ರಂತ. ಲಾರಿಯಂವ ನೋಡ್ಲಿಲ್ಲಂತ," ಎಂದಳು ಜಡೆಮ್ಮ. ದವಾಖಾನೆಯಲ್ಲಿ ಎಲ್ಲರೂ ಹಾಗೇ ಹೇಳುತ್ತಿದ್ದರು. ಉಜ್ಜಿನಪ್ಪನವರ ಎದುರಿಗೂ ಹೇಳುತ್ತಿದ್ದರು. ಅವರು ಯಾರದೋ ಊರಿನ ಯಾರದೋ ಎಮ್ಮೆಯ ಸುದ್ದಿ ಕೇಳಿದ ಹಾಗೆ ಕೇಳಿಸಿಕೊಂಡು ಸೂಜಿ ಕುದಿಸಲು ಹೋಗುತ್ತಿದ್ದರು. ಅಳಲಿಲ್ಲ, ಗುಡಿ ಸುತ್ತಲಿಲ್ಲ, ಲಾರಿಯವನಿಗೆ ಶಾಪ ಹಾಕಲಿಲ್ಲ. ನಾಲ್ಕು ತಿಂಗಳು ಆಸ್ಪತ್ರೆಯಲ್ಲಿದ್ದು ಬಂದವರು ಅದೇ ಕುರ್ಚಿಯಲ್ಲಿ ಕೂತು ಅದೇ ಡಬ್ಬಿ ತೆರೆದರಂತೆ.

ಈಗಿನ ತೊಡಕು ಬೇರೆ. ಅಪಘಾತದ ಮೇಲೆ ಅವರ ಲೈಸೆನ್ಸು ರದ್ದಾಗಿತ್ತು. ಸದ್ಯ ಗಾಡಿಗೆ ಎಲ್ ಬೋರ್ಡು ಕಟ್ಟಿಕೊಂಡು ತಿರುಗುತ್ತಿದ್ದರು. ಮೂರು ವಾರದಲ್ಲಿ ಸಾರಿಗೆ ಇಲಾಖೆಯ ಬ್ರೇಕ್ ಇನ್‌ಸ್ಪೆಕ್ಟರು ಪರೀಕ್ಷೆ ಮಾಡುತ್ತಾರೆ. ಕೈ ಎತ್ತಲು ಬಾರದವನು ದೀಪ ಹಾಕಿಸಿಕೊಂಡರೆ ನಡೆಯುತ್ತದೆ, ಆದರೆ ಹಿಂದೆ ಬರುವವರಿಗೆ ಅದು ಸರಿಯಾಗಿ ಕಾಣುತ್ತದೆಂದು ಇನ್‌ಸ್ಪೆಕ್ಟರಿಗೆ ಒಪ್ಪಿಗೆಯಾಗಬೇಕು. ಪಾಸಾದರೆ ಕುರುಗೋಡು, ಸಿರುಗುಪ್ಪದ ತಿರುಗಾಟ ಮುಂದೆಯೂ ಅವರದೇ. ಇಲ್ಲದಿದ್ದರೆ ಹೊಸಪೇಟೆಯಿಂದ ಇನ್ನೊಬ್ಬರು ಬರುತ್ತಾರೆ, ಇವರು ಪಿಂಚಣಿಯವರೆಗೆ ಔಷಧಿ ಕೋಣೆ.

"ಒಳಗ ಫ್ಯಾನಿನ ಕೆಳಗ ಆರಾಮ್ ಕುಂದ್ರಬಹುದಲ್ರಿ," ಎಂದು ಮಧುಸೂದನ ಒಮ್ಮೆ ಬುದ್ಧಿವಂತಿಕೆ ತೋರಿಸಿದ.

"ಕುಂತ್ರ ಗೋಡಿ ಕಾಣ್ತೈತಿ. ಹೋದ್ರ ದನ ಕಾಣ್ತಾವ," ಎಂದರು. ಅವರಿಗೆ ಏನು ಬೇಕು ಎಂಬುದರ ಬಗ್ಗೆ ಅವನು ಕೇಳಿದ್ದು ಅಷ್ಟೇ.

ಸುಟ್ಟದ್ದನ್ನು ತಾನೇ ಸರಿಮಾಡಿಸಿ ಕೊಡುತ್ತೇನೆಂದು ಮಧುಸೂದನ ಮುಂದೆ ಬಂದ. ಗಾಡಿ ಓಡಿಸಲು ಬಾರದವನಾದ್ದರಿಂದ ದವಾಖಾನೆಯಿಂದ ಕೌಲ್ ಬಜಾರಿನವರೆಗೆ ಬಿಸಿಲಲ್ಲಿ ತಳ್ಳಿದ. ಗಾಡಿ ಓಡಿಸಬಲ್ಲ ಉಜ್ಜಿನಪ್ಪನವರು ಪಕ್ಕದಲ್ಲಿ ನಡೆದು ಬಂದರು. ದಾರಿಯಲ್ಲಿ ಅವರಿಗಾಗಲಿ ಇವನಿಗಾಗಲಿ ಇದು ವಿಚಿತ್ರವೆನಿಸಲಿಲ್ಲ.

ಕೌಲ್ ಬಜಾರಿನಲ್ಲಿ ದಾದಾಪೀರನ ಅಂಗಡಿ ಎಂದರೆ ಒಂದು ಬಾಗಿಲು, ಒಂದು ಬೆಂಚು, ಉಳಿದದ್ದೆಲ್ಲ ವೈರು. ಲಾರಿ, ಆಟೋ, ಗಾಡಿ ಎಲ್ಲದರ ದೀಪ ಅವನೇ ನೋಡುತ್ತಿದ್ದ. ಹೋಲ್ಡರಿನೊಳಗೆ ಉಳಿದಿದ್ದ ಬೆಳ್ಳಿಕಾಗದವನ್ನು ಚಿಮುಟದಿಂದ ಎತ್ತಿ ಬೆಳಕಿಗೆ ಹಿಡಿದ.

"ಯಾವ ಇಂಜಿನಿಯರ್ ಸಾಹೇಬ್ರದಪ್ಪಾ ಇದು?"

ಮಧುಸೂದನ ಪಕ್ಕದ ಬೇಕರಿಯ ಬೋರ್ಡು ಓದತೊಡಗಿದ.

"ಆತ ಓದಿದಾತ. ಬಿಡು," ಎಂದರು ಉಜ್ಜಿನಪ್ಪ. ಸಮರ್ಥನೆಯೋ ಟೀಕೆಯೋ, ಅವರ ಮುಖ ನೋಡಿ ಹೇಳುವಂತಿರಲಿಲ್ಲ.

ಗುಜರಿ ಕಾರೊಂದರಿಂದ ಕಿತ್ತಿಟ್ಟಿದ್ದ, ದೀಪವನ್ನು ಹತ್ತಿಸಿ ಆರಿಸುವ ಪುಟ್ಟ ಡಬ್ಬಿಯನ್ನು ಹುಡುಕಿ ದಾದಾಪೀರ ಜೋಡಿಸಿದ. ಆಮೇಲೆ ಮಧುಸೂದನನನ್ನು ಹತ್ತು ಹೆಜ್ಜೆ ಹಿಂದೆ ನಿಲ್ಲಿಸಿದ.

"ಏನ್ ಕಾಣ್ತೈತಿ ಇಂಜಿನಿಯರ್ ಸಾಬ್?"

"ಐಸ್ ಡಬ್ಬಿ."

"ದೀಪ?"

"ಇಲ್ಲ."

"ಲಾರಿಯಂವಗೂ ಅಷ್ಟ ಕಾಣೋದು. ಉಜ್ಜಿನಪ್ಪಣ್ಣ, ಡಬ್ಬಿ ಹಿಂದ ಬಚ್ಚಿಟ್ರ ದೀಪ ಯಾರಿಗೆ? ನಿಮ್ಮ ಟೈರಿಗೆ?"

ಸೀಟಿನ ಕೆಳಗೆ ನಂಬರ್ ಪ್ಲೇಟಿನ ಪಕ್ಕದಲ್ಲಿದ್ದ ದೀಪಗಳನ್ನು ಬಿಚ್ಚಿ, ಐಸ್ ಡಬ್ಬಿಯ ಎರಡೂ ಬದಿಗೆ ಕಬ್ಬಿಣದ ಪಟ್ಟಿ ಹೊಡೆದು ಅದರ ತುದಿಗೆ ಕೂರಿಸಿದ. ಈಗ ಹತ್ತಲ್ಲ, ಮೂವತ್ತು ಹೆಜ್ಜೆಯಿಂದಲೂ ಕಾಣುತ್ತಿತ್ತು. ಕೆಲಸ ಮುಗಿಯಿತೆಂದು ಮೂವರೂ ಚಹಾ ಕುಡಿದರು.

ಸೋಮವಾರ ಕುರುಗೋಡಿಗೆ ಹೋಗಿ ಬಂದು ನೋಡೋಣವೆಂದಾಯಿತು. ಮಧುಸೂದನ ಸಡಗರದಿಂದ ಡಬ್ಬಿಯ ಮುಂದಿನ ಒಂದು ಗೇಣು ಸೀಟಿನ ಮೇಲೆ ಕೂರಲು ಕಾಲೆತ್ತಿದ.

"ಹಿಂದ ಯಾರ್ನೂ ಕುಂದ್ರಿಸೂದಿಲ್ಲ," ಎಂದರು ಉಜ್ಜಿನಪ್ಪ.

ಎತ್ತಿದ ಕಾಲು ಇಳಿಸಿ ಅವನು ಬಸ್ಸಿಗೆ ಹೋದ. ಅದೇ ಒಳ್ಳೆಯದಾಯಿತು. ಡ್ರೈವರ್ ಪಕ್ಕದಲ್ಲೇ ಜಾಗ ಸಿಕ್ಕಿತು. ಊರು ದಾಟುತ್ತಲೇ ಮುಂದೆ ರಾಜದೂತ್ ಕಂಡಿತು.

ಡ್ರೈವರು ತಂಬಾಕು ತಿಕ್ಕುತ್ತ ಕೇಳಿದ: "ಅಂವ ನಿಮ್ಮೋನೇನ್ರಿ? ಎರಡೂ ಕಡಿ ಲೈಟ್ ಕಟ್ಕೊಂಡಾನ. ಮದುವಿ ಮೆರವಣಿಗಿಗೇನು?"

ಮಧುಸೂದನ ಸುಮ್ಮನಿರುವ ಜಾತಿಯವನಲ್ಲ. ಹೋದ ವಾರವಷ್ಟೇ ಆ ದೀಪ ಏನೆಂದು ತನಗೇ ಗೊತ್ತಿರಲಿಲ್ಲ ಎಂಬುದನ್ನು ಮರೆತು, ಐದು ನಿಮಿಷ ಭಾಷಣ ಮಾಡಿದ. ಬಲಗಡೆಯದು ಮಿಣುಕಿದರೆ ಬಲಕ್ಕೆ, ಎಡಗಡೆಯದು ಮಿಣುಕಿದರೆ ಎಡಕ್ಕೆ, ಬೊಂಬಾಯಿಯಲ್ಲಿ ಎಲ್ಲ ಗಾಡಿಗೂ ಹೀಗೇ ಎಂದ. ಬೊಂಬಾಯಿಯನ್ನು ಅವನು ನೋಡಿರಲಿಲ್ಲ. ಡ್ರೈವರು ಪೂರ್ತಿ ಕೇಳಿ, "ಭೇಷ್," ಎಂದ.

ಅಷ್ಟರಲ್ಲಿ ಮುಂದೆ ಬಲಗಡೆಯ ದೀಪ ಮಿಣುಕಲು ಹತ್ತಿತು. ಬಲಕ್ಕೆ ಒಂದು ಹಳ್ಳಿಯ ದಾರಿ. ಅಲ್ಲಿ ದನದ ತೊಟ್ಟಿಯ ಹತ್ತಿರ ಜನ ಕಾಯುತ್ತಿದ್ದರು. ಉಜ್ಜಿನಪ್ಪ ನಿಧಾನ ಮಾಡಿದರು. ಡ್ರೈವರು ಹಾರ್ನ್ ಹೊಡೆದು ಅದೇ ಬಲಗಡೆಯಿಂದ ಬಸ್ಸನ್ನು ಮುಂದೆ ನುಗ್ಗಿಸಿದ. ಕಿಟಕಿಯಿಂದ ಕೈ ಚಾಚಿದ್ದರೆ ಮುಟ್ಟುವಷ್ಟು ಹತ್ತಿರದಲ್ಲಿ ಉಜ್ಜಿನಪ್ಪನವರ ಪೇಟ ಹಾದುಹೋಯಿತು.

"ದೀಪ ಹತ್ತಿತ್ತಲ್ರೀ!" ಮಧುಸೂದನ ಕಿರುಚಿದ.

"ಹತ್ತಿತ್ತು. ನೋಡ್ದೆ. ಕೈ ಬರ್ಲಿಲ್ಲಲ್ಲ!" ಎಂದು ಡ್ರೈವರೂ ಕಿರುಚಿದ. ಸ್ವಲ್ಪ ದೂರ ಹೋದ ಮೇಲೆ ಹೇಳಿದ: "ನಾವು ಇಪ್ಪತ್ತು ವರ್ಷದಿಂದ ಭುಜ ನೋಡ್ಕೋತ ಗಾಡಿ ಹೊಡದೀವ್ರಿ. ಚಕ್ಕಡಿಯಂವ ಇರ್ಲಿ, ಸೈಕಲ್ಲಿನಂವ ಇರ್ಲಿ, ಭುಜ ಅಲುಗಿದ್ರ ಸಾಕು, ಕೈ ಬರ್ತೈತಿ ಅಂತ ಕಾಲು ತಾನ ಬ್ರೇಕಿಗೆ ಹೊಕ್ಕೈತಿ. ಅಷ್ಟು ಕೆಳಗ ಲೈಟ್ ಇಟ್ರ ಕಣ್ಣು ನೋಡ್ತೈತಿ, ಕಾಲಿಗೆ ಗೊತ್ತಾಗೂದಿಲ್ಲ."

ಮಧುಸೂದನ ಹಿಂತಿರುಗಿ ನೋಡಿದ. ದೂರದಲ್ಲಿ ಉಜ್ಜಿನಪ್ಪ ಒಂದು ಕಾಲು ನೆಲಕ್ಕೂರಿ, ಕುಲುಕಿದ ಐಸ್ ಡಬ್ಬಿಯ ಮುಚ್ಚಳ ಒತ್ತುತ್ತಿದ್ದರು. ಸಾಯಬೇಕಿದ್ದವರು ಬೇರೆ ಯಾರೋ, ಮದ್ದು ಮಾತ್ರ ತಮ್ಮದು ಎಂಬ ಹಾಗೆ.

ಸಂಜೆ ಕೌಲ್ ಬಜಾರಿನಲ್ಲಿ ಡ್ರೈವರನ ಮಾತನ್ನು ಮಧುಸೂದನ ಚಾಚೂ ತಪ್ಪದೆ ಒಪ್ಪಿಸಿದ. ತನ್ನ ಭಾಷಣದ ಭಾಗವನ್ನಷ್ಟೇ ಬಿಟ್ಟ. ದಾದಾಪೀರ ಕಿವಿ ಕೆರೆದುಕೊಂಡ.

"ಹಂಗಾರ ದೀಪ ಕೈ ಇರೋ ಜಾಗಕ್ಕ ಹೋಗಬೇಕು. ಒಂದು ತಗಡಿನ ಪಂಜಾ, ಐದು ಬೆರಳಿನ ಅಂಗೈ, ಕತ್ತರಿಸಿ ತುದೀಗೆ ಹಾಕ್ಲೇನು ಉಜ್ಜಿನಪ್ಪಣ್ಣ?"

"ಬ್ಯಾಡ. ಮೊಹರಂ ದೇವ್ರು ಬಂತು ಅಂತ ಹಳ್ಳ್ಯಾಗ ಹರಕಿ ಸಕ್ಕರಿ ಓದಸಾಕ ಬರ್ತಾರ."

ಉಜ್ಜಿನಪ್ಪ ನಗೆಮಾತು ಆಡಿದರೆಂದು ತಿಳಿಯಲು ಇಬ್ಬರಿಗೂ ಹೊತ್ತು ಹಿಡಿಯಿತು. ಅವರಂತೂ ನಗಲಿಲ್ಲ.

ಅಳತೆ ಬೇಕಿತ್ತು. ಉಜ್ಜಿನಪ್ಪನವರನ್ನು ಗಾಡಿಯ ಮೇಲೆ ಕೂರಿಸಿ, ತಾನಾಗಿ ಏಳದ ಆ ತೋಳನ್ನು ಮಧುಸೂದನ ಮಣಿಕಟ್ಟು ಹಿಡಿದು ಭುಜದ ಮಟ್ಟಕ್ಕೆ ಎತ್ತಿ ಚಾಚಿ ಹಿಡಿದ. ದಾದಾಪೀರ ದಾರದಿಂದ ಅಳೆದ.

"ಭಾರ ಐತೇನ್ರಿ?" ಉಜ್ಜಿನಪ್ಪ ಕೇಳಿದರು.

"ಇಲ್ರಿ."

"ನನಗ ಗೊತ್ತಾಗೂದಿಲ್ಲ, ಅದಕ್ಕ ಕೇಳ್ದೆ."

ಭಾರವಿತ್ತು. ನೀರು ತುಂಬಿದ ಕೊಡದಷ್ಟು ಭಾರವಿತ್ತು.

ಗಾಡಿಯ ಕ್ಯಾರಿಯರ್‌ನಿಂದ ಒಂದು ನೆಟ್ಟನೆಯ ಸಲಾಕೆ. ಅದರ ಮೇಲೆ ಭುಜದೆತ್ತರಕ್ಕೆ ಹ್ಯಾಂಡಲ್ಲಿನಷ್ಟೇ ಅಗಲದ ಅಡ್ಡ ಸಲಾಕೆ, ಅದಕ್ಕಿಂತ ಹೊರಗೆ ಚಾಚಿದರೆ ಎದುರು ಬರುವವರಿಗೆ ಬಡಿಯುತ್ತದೆ. ಎರಡೂ ತುದಿಗೆ ದೀಪ. ಅಡ್ಡ ಸಲಾಕೆಗೆ ತಗಡು ಸುತ್ತಿ ಬಿಳಿ ಬಣ್ಣ, ಹಗಲಲ್ಲೂ ತುಂಬುತೋಳಿನ ಅಂಗಿಯ ಹಾಗೆ ಕಾಣಲಿ ಎಂದು. ಉಜ್ಜಿನಪ್ಪನವರನ್ನು ಗಾಡಿಯ ಮೇಲೆಯೇ ಕೂರಿಸಿಕೊಂಡು ದಾದಾಪೀರ ವೈರಿಗೆ ಬೆಸುಗೆ ಹಾಕುತ್ತಿದ್ದ. ಕಾದ ಸೀಸದ ಒಂದು ಹನಿ ಜಾರಿ ಅವರ ಬಲದೋಳಿನ ಮೇಲೆ ಬಿತ್ತು. ಯಾರೂ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಉಜ್ಜಿನಪ್ಪ ಮೂಗೆಳೆದು, "ದಾದಾ, ಏನೋ ಸುಡ್ತೈತಿ ನೋಡು," ಎಂದರು.

ಮೂವರೂ ವೈರುಗಳನ್ನು ಹುಡುಕಿದರು. ಕೊನೆಗೆ ಕಂಡವನು ಮಧುಸೂದನ. ಕಂಡವನೇ ಕಣ್ಣುಕತ್ತಲೆ ಬಂದು ಬೆಂಚಿನ ಮೇಲೆ ಕುಸಿದ. ಚರ್ಮ ಸುಟ್ಟವರು ಎದ್ದು ಹೋಗಿ ಹೂಜಿಯಿಂದ ನೀರು ಬಗ್ಗಿಸಿ, ಸುಡದವನಿಗೆ ಕುಡಿಸಿದರು.

ಪರೀಕ್ಷೆಗೆ ಅರ್ಜಿ ಬೇಕು. ಅದನ್ನು ಬರೆಯುವ ಭಾಗ್ಯವನ್ನು ಮಧುಸೂದನ ಯಾರಿಗೂ ಬಿಟ್ಟುಕೊಡಲಿಲ್ಲ. ಓದಿದವರ ಕಣ್ಣು ಒದ್ದೆಯಾಗದಿದ್ದರೆ ಅದು ಅರ್ಜಿಯೇ ಅಲ್ಲ ಎಂಬುದು ಅವನ ಮತ. ಮೂರು ಕರಡು ಹರಿದು ನಾಲ್ಕನೆಯದರಲ್ಲಿ ಬರೆದ: 'ಸದರಿ ದಿನ ನಾನು ನಿಯಮಾನುಸಾರ ಬಲಗೈಯನ್ನು ಚಾಚಿ ಸೂಚನೆ ನೀಡಿದ್ದಾಗ್ಯೂ, ಹಿಂಬದಿಯಿಂದ ಅಜಾಗರೂಕತೆಯಿಂದ ಬಂದ ಲಾರಿಯು…' ಉಜ್ಜಿನಪ್ಪನವರನ್ನು ಕೇಳಬೇಕೆಂದು ಅವನಿಗೆ ಹೊಳೆಯಲಿಲ್ಲ. ಊರಿಗೇ ಗೊತ್ತಿರುವುದನ್ನು ಕೇಳುವುದೇನು? ಅವರು ಮೇಜಿನ ಮೇಲಿಟ್ಟ ಕಾಗದದ ಕೆಳಗೆ, ದನದ ರಿಜಿಸ್ಟರಿಗೆ ಹಾಕುವ ಹಾಗೆ, ಓದದೆ ಸಹಿ ಹಾಕಿದರು.

ಪರೀಕ್ಷೆ ಕಂಟೋನ್ಮೆಂಟಿನ ರಸ್ತೆಯಲ್ಲಿ. ಬೆಳಿಗ್ಗೆ ಹತ್ತು ಗಂಟೆ. ಬ್ರೇಕ್ ಇನ್‌ಸ್ಪೆಕ್ಟರು ಗಾಡಿಯ ಸುತ್ತ ಎರಡು ಸಲ ತಿರುಗಿದರು.

"ಏನ್ರೀ ಇದು? ಹೊಲದಾಗ ನಿಲ್ಲಿಸೋ ಬೆದರುಗೊಂಬಿ ಹೊತ್ಕೊಂಡು ಬಂದೀರಿ?"

"ಕೈರಿ," ಎಂದರು ಉಜ್ಜಿನಪ್ಪ.

ಇನ್‌ಸ್ಪೆಕ್ಟರು ಮುಂದೆ ನಗಲಿಲ್ಲ. ಜೀಪು ಹತ್ತಿದರು. ಮಧುಸೂದನನನ್ನೂ ಹಿಂದೆ ಹತ್ತಿಸಿಕೊಂಡರು. ರಾಜದೂತ್ ಮುಂದೆ, ಜೀಪು ಹಿಂದೆ. ಬೇಕೆಂದೇ ಜನ ಓಡಾಡುವ ದಾರಿ ಹಿಡಿಸಿದರು. ನಡುವೆ ಒಂದು ಜಟಕಾ, ಎರಡು ಸೈಕಲ್ಲು, ಹಾಲಿನ ಕ್ಯಾನು ಕಟ್ಟಿದ ಇನ್ನೊಂದು ಸೈಕಲ್ಲು ಸೇರಿಕೊಂಡವು.

"ಮುಂದಿನ ಬಲಕ್ಕ ತಿರುಗಾಕ ಹೇಳೀನಿ. ನೋಡೋಣು," ಎಂದರು ಇನ್‌ಸ್ಪೆಕ್ಟರು.

ಬಿಳಿ ತೋಳಿನ ಬಲತುದಿಯಲ್ಲಿ ಹಳದಿ ದೀಪ ಹತ್ತಿತು, ಆರಿತು, ಹತ್ತಿತು. ಮಧುಸೂದನ ಜೀಪಿನ ಕಂಬಿ ಹಿಡಿದ. ಪಾಸು, ನಪಾಸು ಎರಡನ್ನೂ ಕಂಡವನಾದರೂ ತನ್ನ ಪರೀಕ್ಷೆಯಲ್ಲಿ ಇಷ್ಟು ಬೆವರಿರಲಿಲ್ಲ. ಜಟಕಾದವನು ತಲೆ ಎತ್ತಿದ. ಅವನ ಕೈ ತಾನಾಗಿ ಲಗಾಮು ಎಳೆಯಿತು. ಕುದುರೆ ನಿಂತಿತು, ಸೈಕಲ್ಲುಗಳು ನಿಂತವು. ಹಾಲಿನವನು ಒಂದು ಕಾಲು ನೆಲಕ್ಕಿಟ್ಟು, "ಹೋಗ್ರೀ ಯಜಮಾನ್ರೆ!" ಎಂದು ಕೂಗಿದ. ಖಾಲಿಯಾದ ರಸ್ತೆಯಲ್ಲಿ ಉಜ್ಜಿನಪ್ಪ ಬಲಕ್ಕೆ ತಿರುಗಿ ಹೋದರು, ಹಿಂತಿರುಗಿ ನೋಡಲಿಲ್ಲ.

ಇನ್ನೂ ನಾಲ್ಕು ತಿರುವು ಆದವು. ನಾಲ್ಕರಲ್ಲೂ ಜನ ನಿಂತರು. ಒಂದರಲ್ಲಿ ಸೊಪ್ಪಿನ ಬುಟ್ಟಿ ಹೊತ್ತವಳು ಕೂಡ ನಿಂತಳು.

ಬೇವಿನ ಮರದ ಕೆಳಗೆ ಜೀಪಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಇನ್‌ಸ್ಪೆಕ್ಟರು ಸಹಿ ಹಾಕಿದರು, ಮೊಹರು ಒತ್ತಿದರು. "ಹೋಗ್ರಿ, ನಿಮ್ಮ ದನ ಕಾಯಾಕ್ಹತ್ತಾವ," ಎಂದು ಚೀಟಿ ಕೈಗಿತ್ತರು. ಉಜ್ಜಿನಪ್ಪ ಅದನ್ನು ಎಡಗೈಯಲ್ಲಿ ತೆಗೆದುಕೊಂಡು ಮಡಚಿ ಜೇಬಿಗಿಟ್ಟರು. ಸಂತೋಷವೇನೂ ಕಾಣಲಿಲ್ಲ. ಅವರ ಪಾಲಿನದನ್ನೂ ಮಧುಸೂದನನೇ ಪಟ್ಟುಕೊಂಡು ಹಲ್ಲು ಕಿರಿಯುತ್ತ ನಿಂತಿದ್ದ.

ಇನ್‌ಸ್ಪೆಕ್ಟರು ಕಡತ ಕಟ್ಟುವ ಮೊದಲು ಅರ್ಜಿಯ ಮೇಲೆ ಕಣ್ಣಾಡಿಸಿದರು. ಓದುತ್ತ ಓದುತ್ತ ಅವರ ಧ್ವನಿ ಮೆತ್ತಗಾಯಿತು.

"ಹೋಗಿದ್ದು ನಿಮ್ಮ ಮನಿಯವ್ರೇನ್ರಿ?"

"ಹೂಂರಿ."

"ಬಲಗೈ ಚಾಚಿ ಸೂಚನಿ ಕೊಟ್ಟಿದ್ದೆ ಅಂತ ಐತಿ ಇಲ್ಲೆ. ಈ ದಾರ್‍ಯಾಗ ನಾನು ಬಾಳ ಕೇಸ್ ನೋಡೀನಿ, ಎಲ್ಲಾರೂ ಹಿಂಗ ಬರೀತಾರ. ಕಾಗದಕ್ಕಲ್ಲ, ಸುಮ್ನ ಕೇಳ್ತೀನಿ. ಸಹಿ ಆಗೈತಿ, ಅದನ್ನೇನ್ ಹಿಂದಕ್ಕ ತಗೊಳ್ಳೂದಿಲ್ಲ. ಅವತ್ತು ಖರೇವಂದ್ರೂ ಕೈ ತೋರ್ಸಿದ್ರೇನ್ರಿ?"

ಮಧುಸೂದನ ತನ್ನದೇ ಅಕ್ಷರಗಳನ್ನು ತಲೆಕೆಳಗಾಗಿ ನೋಡಿದ. 'ಆಗ್ಯೂ' ಎಂಬಲ್ಲಿ ಶಾಯಿ ಸ್ವಲ್ಪ ಹರಡಿತ್ತು. ಬಾಯಿ ತೆರೆಯಬೇಕೆಂದುಕೊಂಡ, ಅದನ್ನು ಬರೆದದ್ದು ತಾನೆಂದು ಹೇಳಲು. ಆದರೆ ಉಜ್ಜಿನಪ್ಪನವರೇ ಮಾತಾಡಿದರು. ಯಾವತ್ತಿನ ಅದೇ ಧ್ವನಿ.

"ಇಲ್ರಿ. ಹಿಂದ ಯಾರೂ ಇಲ್ಲ ಅಂದ್ಕೊಂಡಿದ್ದೆ. ತೋರಿಸಲಿಲ್ಲ."